ಬರ್ಲಿನ್‌ನಲ್ಲಿ ನನ್ನ ಮೊದಲ ಕಾಗದಪತ್ರ: ಟಪಾಲು ಡಬ್ಬಿಯವರೆಗೆ

ಕಾಯಂ ಮನೆ ಸಿಗೋವರೆಗೆ ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಆಸೆ ಬಿಡು ಅಂತ ಇಲ್ಲಿನ ಗೆಳೆಯರೆಲ್ಲ ಹೇಳಿದ್ದರು. ತಾತ್ಕಾಲಿಕ ಮನೆಗೆ ಬಂದ 9ನೇ ದಿನಕ್ಕೇ ನಾನು ಮಾಡಿಸಿಕೊಂಡೆ. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಐಂಡ್‌ಹೋವನ್ (ನೆದರ್ಲೆಂಡ್ಸ್) ಬಿಡೋದು ಸುಲಭವಿತ್ತು. ಹೊರಡಲು 5 ದಿನ ಇರುವಾಗ ಅಲ್ಲಿನ ವಿಳಾಸ ನೋಂದಣಿಯಿಂದ ಹೆಸರು ತೆಗೆಸಿದೆ. ಯುರೋಪಿಯನ್ ಒಕ್ಕೂಟದ ಕೆಲಸ-ವಾಸದ ಪರವಾನಗಿಯಾದ ಬ್ಲೂ ಕಾರ್ಡ್‌ಗೆ ವರ್ಷ ದಾಟಿದ್ದರಿಂದ ಹೊಸ ವೀಸಾ ಬೇಕಾಗಲಿಲ್ಲ, ಆದರೆ ಬಂದ ಒಂದು ತಿಂಗಳೊಳಗೆ ಇಲ್ಲಿನ ಕಾರ್ಡಿಗೆ ಅರ್ಜಿ ಹಾಕಲೇಬೇಕು.

ಪೆಟ್ಟು ಬಿದ್ದದ್ದು ಮನೆ ವಿಷಯದಲ್ಲಿ. ಮೊದಲು 800 ಯೂರೋಗೆ ಒಂದು ರೂಮು ಹಿಡಿದೆ. ದುಡ್ಡು ಕೈಗೆ ಬಂದ ಮೇಲೆ ಓನರ್ "ಸಹಿ ಹಾಕಲ್ಲ" ಅಂದರು. ನಾನು ಅಲ್ಲಿ ವಾಸವಿದ್ದೇನೆ ಅಂತ ಅವರು ಸಹಿ ಹಾಕಿದ ಕಾಗದ ಇಲ್ಲದೆ, ನೋಂದಣಿ ಮಾಡುವ ಸರ್ಕಾರಿ ಕಚೇರಿಯಾದ ಬ್ಯೂರ್ಗರ್‌ಆಮ್ಟ್‌ನಲ್ಲಿ ಏನೂ ನಡೆಯಲ್ಲ. ಬಾಡಿಗೆ, ಅಡ್ವಾನ್ಸ್ ಎಲ್ಲ ಸೇರಿ 1,200ರಷ್ಟು ಹೋಯಿತು. ಒಂದು ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಸಲ ಫೋಟೋ ನೋಡೋಕೂ ಮುಂಚೆ ಸಹಿ ಕೇಳಿದೆ. ಸಾಮಾನು ಸಮೇತ ಮನೆ, 3 ತಿಂಗಳಿಗೆ, ತಿಂಗಳಿಗೆ ಹತ್ತಿರಹತ್ತಿರ 1,350. ದುಬಾರಿ, ಆದರೆ ಲೆಕ್ಕ ಹಾಕಿದರೆ ಇದೇ ಅಗ್ಗ. ಸಹಿ ಕೇಳಿದ ಮೇಲ್‌ನಲ್ಲಿ ಏನು ಬರೆದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಜರ್ಮನ್‌ನಲ್ಲೇ ಬರೆದೆ, ನಾಲ್ಕೇ ಸಾಲು.

ಅಪಾಯಿಂಟ್‌ಮೆಂಟ್‌ಗೆ ಎಲ್ಲರೂ ತಮ್ಮ ಏರಿಯಾದ ಆಫೀಸನ್ನೇ ನೋಡುತ್ತಾರೆ. ಬರ್ಲಿನ್‌ನಲ್ಲಿ ಯಾವ ಆಫೀಸಾದರೂ ನಡೆಯುತ್ತೆ. ನಾನಿದ್ದದ್ದು ನೊಯ್ಕೋಲ್ನ್, ಸಿಕ್ಕಿದ್ದು ಸ್ಪಾಂಡೌ. ಯಾರೋ ಬಿಟ್ಟ ಸ್ಲಾಟು ಅದು, ಬೆಳಿಗ್ಗೆ ಹಿಡಿದೆ. ಎಷ್ಟು ಗಂಟೆಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಆಮೇಲೆ ಟ್ಯಾಕ್ಸ್ ಐಡಿ. ಅದು ಟಪಾಲಿನಲ್ಲೇ ಬರುತ್ತೆ. ಮೂರು ವಾರ ಕಾದರೂ ಬರಲಿಲ್ಲ. ಐಡಿ ಇಲ್ಲದ್ದಕ್ಕೆ ಸಂಬಳಕ್ಕೆ ಕಂಪನಿ ಅತಿ ಹೆಚ್ಚು ಕಡಿತದ ಟ್ಯಾಕ್ಸ್ ಕ್ಲಾಸ್ 6 ಹಾಕಿತು, 500 ಯೂರೋಗೂ ಜಾಸ್ತಿ ಕಡಿತ. ಕೊನೆಗೆ ಕೆಳಗೆ ಹೋಗಿ ಡಬ್ಬಿ ನೋಡಿದೆ. ಹಳೇ ಬಾಡಿಗೆಯವರ ಹೆಸರಿನ ಕೆಳಗೆ ನಾನು ಅಂಟಿಸಿದ್ದ ಚೀಟಿಯಲ್ಲಿ ಇನಿಷಿಯಲ್ ಮತ್ತು ನನ್ನ ಹೆಸರು ಮಾತ್ರ, ಊರಲ್ಲಿ ಬರೆಯುವ ಹಾಗೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ, ಇಲ್ಲಿ ಕಾಗದ ಬರೋದು ಆ ಹೆಸರಿಗೆ. ದಪ್ಪ ಮಾರ್ಕರಿನಲ್ಲಿ ಪೂರ್ತಿ ಬರೆದೆ, ಮೇಲೆ ಟೇಪು, ಕಾಲಿಂಗ್ ಬೆಲ್ ಹತ್ತಿರವೂ ಒಂದು. ತೆರಿಗೆ ಕಚೇರಿಯಾದ ಫಿನಾನ್ಸ್‌ಆಮ್ಟ್‌ಗೆ ಪಾಸ್‌ಪೋರ್ಟ್ ಹಿಡಿದು ಹೋಗಿ ನಂಬರ್ ತಂದೆ. ಹೆಚ್ಚಾಗಿ ಕಡಿದ ದುಡ್ಡು ಮುಂದಿನ ಸಂಬಳದ ಜೊತೆ ವಾಪಸ್ ಬಂತು.

ಇದರ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಜರ್ಮನ್ ಬ್ಯಾಂಕ್ ಅಕೌಂಟ್ ತೆರೆಯದೆ ಡಚ್ ಐಬಾನ್‌ನಲ್ಲೇ (ನೆದರ್ಲೆಂಡ್ಸ್ ಬ್ಯಾಂಕ್ ಖಾತೆ ಸಂಖ್ಯೆ) 2 ತಿಂಗಳು ನಡೆಸಿದೆ. ಎಚ್‌ಆರ್ ಆಗಲ್ಲ ಅಂದರು. ಯುರೋಪಿಯನ್ ಒಕ್ಕೂಟದ ಸೆಪಾ (ಯೂರೋ ಹಣ ವರ್ಗಾವಣೆ) ನಿಯಮದ ಪ್ರಕಾರ ಯಾವ ಸದಸ್ಯ ದೇಶದ ಐಬಾನ್ ಆದರೂ ತಿರಸ್ಕರಿಸುವಂತಿಲ್ಲ ಅಂತ ಬರೆದೆ. ಮಾರನೇ ದಿನ ಒಪ್ಪಿದರು.

ಡಬ್ಬಿ ಸರಿಯಾದ ಮೇಲೆ ರೇಡಿಯೋ-ಟಿವಿ ಶುಲ್ಕದ ಕಾಗದವೂ ಬರುತ್ತೆ, ತಿಂಗಳಿಗೆ 18.36 ಯೂರೋ. ಎಸೆಯಬೇಡಿ. ಅದು ಮನೆಗೊಂದೇ, ಜೊತೆಯಲ್ಲಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ನಂಬರ್ ಬರೆದು ಕಳಿಸಿ.