ಎಂಟಡಿ ಜಾಗ, ಒಂದು ಬಿದಿರು ಬುಟ್ಟಿ

ಬನಶಂಕರಿಯ ನಮ್ಮ ಮನೆಯಲ್ಲಿ ಆರು ಜನ ಕೂರುವ ಡೈನಿಂಗ್ ಟೇಬಲ್ ಇತ್ತು. ಅದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆ, ಮಗನ ಸ್ಕೂಲ್ ಬ್ಯಾಗು, ಕರೆಂಟ್ ಬಿಲ್ಲು, ಅರ್ಧ ಚೀಲ ಈರುಳ್ಳಿ. ಊಟ ಮಾತ್ರ ಟಿವಿ ಮುಂದೆ, ತಟ್ಟೆ ತೊಡೆ ಮೇಲೆ. ಅತ್ತೆ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಊಟ ಮುಗಿಸಿಬಿಡುತ್ತಿದ್ದರು.

ಚೆಂದ ಮಾಡಿದರೆ ಎಲ್ಲರೂ ಬಂದು ಕೂರುತ್ತಾರೆ ಅಂದುಕೊಂಡೆ. ಗುಳೇದಗುಡ್ಡದ ಖಣ ತಂದು ಟೇಬಲ್ ನಡುವೆ ಉದ್ದಕ್ಕೆ ಹಾಸಿದೆ. ಮೊದಲ ದಿನವೇ ಸಾರಿನ ಸೌಟು ಜಾರಿತು. ಆ ಖಣ ಈಗ ಫ್ರೇಮ್ ಹಾಕಿಸಿಕೊಂಡು ಗೋಡೆ ಮೇಲಿದೆ, ಕಲೆಯಾದ ತುದಿಯನ್ನು ಹಿಂದಕ್ಕೆ ಮಡಿಸಿದ್ದೇನೆ. ಕೆಳಗೆ ಹಾಸಿದ್ದ ಕಾರ್ಪೆಟ್ಟಿನ ಕತೆ ಹೇಳೋದೇ ಬೇಡ. ಅನ್ನದ ಅಗುಳು, ಇರುವೆ ಸಾಲು. ಅನ್ನ ಸಾರು ಉಣ್ಣುವ ಮನೆಗೆ ಅದು ಆಗಿಬರಲ್ಲ.

ಆಮೇಲೆ ಟೇಪ್ ಹಿಡಿದು ಜಾಗ ಅಳೆದೆ. ಇದನ್ನೇ ಮೊದಲು ಮಾಡಬೇಕಿತ್ತು. ಅಗಲ 8 ಅಡಿ, ಅಂದರೆ 96 ಇಂಚು. ಟೇಬಲ್ ಅಗಲ 36. ಕುರ್ಚಿ ಎಳೆದು ಕೂತು, ಹಿಂದೆ ಇನ್ನೊಬ್ಬರು ಓಡಾಡಬೇಕು ಅಂದರೆ ಒಂದೊಂದು ಕಡೆಗೂ 36 ಇಂಚು ಬೇಕು. ಒಟ್ಟು 108. ಅಡುಗೆಮನೆಯಿಂದ ಬಿಸಿ ಪಾತ್ರೆ ತರುವವಳು ನಾನು, ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳುತ್ತಿದ್ದೆ! ಅಲ್ಲಿ ಯಾರೂ ಕೂರದೇ ಇದ್ದಿದ್ದರಲ್ಲಿ ಆಶ್ಚರ್ಯ ಏನಿದೆ?

ಟೇಬಲ್ ಮಾರಿದೆವು. ಒಡೆದ ಹಳೇ ಮನೆಯೊಂದರ ತೇಗದ ಬಾಗಿಲು ಸಿಕ್ಕಿತ್ತು. ಬಡಗಿ ಅದರಲ್ಲೇ 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಟೇಬಲ್ ಮಾಡಿಕೊಟ್ಟರು. ಎತ್ತರ 30 ಇಂಚು. ಒಂದು ಕಡೆ ಗೋಡೆಗೆ ಅಂಟಿಸಿ 18 ಇಂಚು ಅಗಲದ ಬೆಂಚು, ಎದುರಿಗೆ ಎರಡು ಕುರ್ಚಿ. ಬೆಂಚು 18, ಟೇಬಲ್ ಅಗಲ 30, ಓಡಾಡೋಕೆ 36, ಒಟ್ಟು 84. ಕಡಿಮೆ ಬೀಳುತ್ತಿದ್ದ 12 ಇಂಚು ಈಗ ಮಿಕ್ಕಿತು. ಚಿಲಕ ಇದ್ದ ಕಡೆ ಒಂದು ತೂತು ಹಾಗೇ ಉಳಿದಿದೆ. ಮಗ ಅದರೊಳಗೆ ಪೆನ್ಸಿಲ್ ನಿಲ್ಲಿಸುತ್ತಾನೆ.

ಇಷ್ಟಾದರೂ ಏನೋ ಸರಿ ಇರಲಿಲ್ಲ. ಒಂದು ರಾತ್ರಿ ಟೊಮ್ಯಾಟೊ ಸಾರು ಬಡಿಸುವಾಗ ಹೊಳೆಯಿತು. ಸಾರಿನ ಬಣ್ಣವೇ ಸತ್ತುಹೋಗಿತ್ತು. ಮೇಲಿದ್ದದ್ದು 6500 ಕೆಲ್ವಿನ್ ಬಿಳಿ ಟ್ಯೂಬ್‌ಲೈಟು. ಆಸ್ಪತ್ರೆ ವಾರ್ಡಿನ ಬೆಳಕು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ 3000 ಕೆಲ್ವಿನ್‌ನ ವಾರ್ಮ್ ವೈಟ್ ಎಲ್ಇಡಿ ಬಲ್ಬ್ ತಂದೆ, 9 ವ್ಯಾಟಿನದು. ಬಿದಿರಿನ ಬುಟ್ಟಿಯೊಂದನ್ನು ಬೋರಲು ಹಾಕಿ, ತಳದಲ್ಲಿ ತೂತು ಮಾಡಿ ಹೋಲ್ಡರ್ ಇಳಿಬಿಟ್ಟೆವು. ಎಲ್ಇಡಿ ಜಾಸ್ತಿ ಕಾಯುವುದಿಲ್ಲ, ಅದಕ್ಕೇ ಬಿದಿರು ನಡೆಯುತ್ತದೆ. ಹಳೇ ತಂತಿ ಬಲ್ಬ್ ಮಾತ್ರ ಬುಟ್ಟಿಯೊಳಗೆ ಹಾಕಲೇಬೇಡಿ.

ಮೊದಲು ತುಂಬಾ ಎತ್ತರಕ್ಕೆ ಕಟ್ಟಿದ್ದೆವು. ಕೂತರೆ ಬಲ್ಬ್ ನೇರ ಕಣ್ಣಿಗೇ ಹೊಡೆಯುತ್ತಿತ್ತು. ಟೇಬಲ್‌ನಿಂದ 30 ಇಂಚು ಮೇಲಕ್ಕೆ ಬರುವ ಹಾಗೆ ಇಳಿಸಿದ ಮೇಲೆ ಬೆಳಕು ತಟ್ಟೆಗಳ ಮೇಲೆ ನಿಂತಿತು. ಗೋಡೆ ಮೇಲೆ ಹೆಣಿಗೆಯ ನೆರಳು. ಅವತ್ತು ನಮ್ಮೆಜಮಾನ್ರು ಯಾರೂ ಕರೆಯದೆ ತಟ್ಟೆ ಹಿಡಿದು ಬಂದು ಕೂತರು.

ಅತ್ತೆಯದು ಬೇರೆ ಸಮಸ್ಯೆ. ಕುರ್ಚಿಯಲ್ಲಿ ಕೂತರೆ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವರ ಮಣೆಯನ್ನೇ ತಂದು ಕಾಲಡಿಗೆ ಇಟ್ಟೆ. "ಕೂತು ಊಟ ಮಾಡೋ ಮಣೆ ಮೇಲೆ ಕಾಲಿಡ್ತಾರೇನಮ್ಮ?" ಅಂತ ಬೈಸಿಕೊಂಡೆ. ತಪ್ಪು ನನ್ನದೇ. ಬಾಗಿಲಿನಲ್ಲಿ ಉಳಿದಿದ್ದ ತುಂಡಿನಿಂದ ಬಡಗಿ ಒಂದು ಕಾಲುಮಣೆ ಮಾಡಿಕೊಟ್ಟರು, ನಾಲ್ಕಿಂಚು ಎತ್ತರದ್ದು. ಆಮೇಲೆ ಆ ಕುರ್ಚಿ ಅವರದೇ.

ಬೆಂಗಳೂರಿನ ಎಷ್ಟೋ ಮನೆಗಳ ಹಾಗೆ ನಮ್ಮಲ್ಲೂ ವಾಶ್‌ಬೇಸಿನ್ ಊಟದ ಜಾಗದಲ್ಲೇ ಇದೆ. ಇಷ್ಟು ದಿನ ನಾಲ್ಕು ಟೂತ್‌ಬ್ರಷ್ ನೋಡಿಕೊಂಡು ಉಣ್ಣುತ್ತಿದ್ದೆವು, ಅಲ್ವಾ ಅನ್ನಿಸಿ ನಗು ಬಂತು. ಬ್ರಷ್‌ಗಳು ಬಚ್ಚಲಿಗೆ ಹೋದವು, ಅವುಗಳ ಜಾಗಕ್ಕೆ ಮನಿ ಪ್ಲಾಂಟ್ ಬಂತು. ಟೇಬಲ್ ಮೇಲೆ ಈಗ ಒಂದು ಗಿಡ್ಡ ಹಿತ್ತಾಳೆ ಚೊಂಬು, ಗಾಂಧಿ ಬಜಾರಿನ ಸೇವಂತಿಗೆ. ಸುಗಂಧರಾಜ ಇಟ್ಟು ನೋಡಿದ್ದೆ, ಒಗ್ಗರಣೆ ವಾಸನೆಯನ್ನೇ ನುಂಗಿಹಾಕಿತು.

ಟ್ಯೂಬ್‌ಲೈಟ್ ತೆಗೆಸಿಬಿಡೋಣ ಅಂತಿದ್ದೆ. ಅವರೆಕಾಯಿ ಕಾಲ ಬಂತು. ಅತ್ತೆ ಅದೇ ಟೇಬಲ್ ಮೇಲೆ ಎರಡು ಕೆ.ಜಿ. ಸುರಿದುಕೊಂಡು ಬಿಡಿಸೋಕೆ ಕೂತರು. "ಈ ಹಳದಿ ಲೈಟಲ್ಲಿ ಹುಳ ಎಲ್ಲಿ ಕಾಣುತ್ತೆ? ಆ ಬಿಳೀದು ಹಾಕಮ್ಮ" ಅಂದರು. ಹಾಗಾಗಿ ಈಗ ಎರಡು ಸ್ವಿಚ್ಚು. ಅವರೆಕಾಯಿಗೊಂದು, ಊಟಕ್ಕೊಂದು.