ಸರ್ವೋ ಇಲ್ಲದ ಪದ್ಮಿನಿ, ಕಲ್ಲಿನಂಥ ಬ್ರೇಕ್: ನನ್ನ ಅನುಭವ

ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಾಲಿನ ಬಲ ಹೆಚ್ಚಿಸುವ ಸರ್ವೋ (ಬೂಸ್ಟರ್) ಇಲ್ಲ ಅಂದಮೇಲೆ ಕಾಲಿಗೆ ಸ್ವಲ್ಪ ಬಲ ಬೇಕೇ ಬೇಕು. ಆದರೆ ಮಂಗಳೂರಿನ ಕದ್ರಿ ಗುಡ್ಡೆ ಇಳಿಯುವಾಗ ಸೀಟಿಗೆ ಬೆನ್ನು ಕೊಟ್ಟು ತುಳಿಯಬೇಕಾದರೆ ಅದು ರೋಗವೇ. ನಾನು ಬೂಸ್ಟರ್ ಹುಡುಕಲು ಹೋಗಲಿಲ್ಲ. ಬ್ರೇಕ್ ಶೂ ಮೇಲಿದ್ದು ಡ್ರಮ್ಮಿಗೆ ಉಜ್ಜುವ ಪಟ್ಟಿ, ಅಂದರೆ ಲೈನರ್, ಜಾರುತ್ತಿದ್ದರೆ ಬೂಸ್ಟರ್ ಆ ರೋಗವನ್ನು ಮುಚ್ಚಿಡುತ್ತದೆ, ಅಷ್ಟೆ.

ಮೊದಲು ಪೆಡಲಿನ ಸ್ಪ್ರಿಂಗ್ ಕಳಚಿ, ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ (ಬ್ರೇಕ್ ಆಯಿಲ್ ಒತ್ತುವ ಮುಖ್ಯ ಪಂಪು) ಹೋಗುವ ಪುಶ್ ರಾಡ್ ಬಿಡಿಸಿ, ಪೆಡಲನ್ನು ಕೈಯಲ್ಲೇ ಆಡಿಸಿದೆ. ನಮ್ಮ ಕಡಲ ಗಾಳಿಗೆ ಅದರ ಪಿನ್ನು ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಕಾಲಿನ ಬಲ ಅಲ್ಲೇ ಸೋರಿಹೋಗುತ್ತದೆ. ಪಿನ್ನು ತಿಕ್ಕಿ ಗ್ರೀಸ್ ಹಾಕಿದೆ.

ಆಮೇಲೆ ಒಂದೊಂದೇ ಚಕ್ರ ಜಾಕಿ ಕೊಟ್ಟು, ಒಬ್ಬರು ಪೆಡಲ್ ತುಳಿದು ಬಿಟ್ಟಾಗ ತಿರುಗಿಸಿ ನೋಡಿದ್ದು. ಬಿಟ್ಟಮೇಲೂ ಚಕ್ರ ಹಿಡಿದೇ ಇದ್ದರೆ ಆ ಚಕ್ರದ ಬ್ಲೀಡರ್ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ರಬ್ಬರ್ ಹೋಸು ಒಳಗೇ ಊದಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಪಸ್ ತೂತು ಕಟ್ಟಿದೆ. ಬಿಡದಿದ್ದರೆ ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ನೋ ಶೂವೋ ಹಿಡಿದಿದೆ. ಸಿಲಿಂಡರಿನ ರಬ್ಬರ್ ಕಪ್ ತೊಳೆಯಲು ಬ್ರೇಕ್ ಆಯಿಲ್ ಮಾತ್ರ. ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ರಬ್ಬರ್ ಊದಿಕೊಂಡು ಮತ್ತೆ ಅದೇ ಕತೆ.

ಅಸಲಿ ಕೆಲಸ ಇದ್ದದ್ದು ಡ್ರಮ್ಮಿನೊಳಗೆ. ಹಳೇ ಲೈನರಿನ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಹೊಡೆಯಬೇಡಿ. ಸೋಪು ನೀರಲ್ಲಿ ನೆನೆಸಿ ಒರೆಸಿ. ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು ಶೂ ಒತ್ತಿ ಉಜ್ಜಿದೆ. ಬಿಳಿ ಅಂಟಿದ್ದು ನಡುವೆ ನಾಲ್ಕು ಬೆರಳಷ್ಟು ಜಾಗಕ್ಕೆ ಮಾತ್ರ. ಎರಡೂ ತುದಿ ಕರಿ, ನಡು ಭಾಗ ಕನ್ನಡಿಯಂತೆ ಹೊಳಪು. ಡ್ರಮ್ ಲೇತ್‌ನಲ್ಲಿ ಕಡೆದು ದೊಡ್ಡದಾಗಿದೆ, ಲೈನರಿನ ಬಾಗು ಹಳೇ ಅಳತೆಯದು. 80 ಗ್ರಿಟ್ ಎಮರಿ ಕಾಗದವನ್ನು ಡ್ರಮ್ಮಿನೊಳಗೆ ಡಬಲ್ ಟೇಪಿನಿಂದ ಅಂಟಿಸಿ, ಒದ್ದೆ ಮಾಡಿಕೊಂಡು, ತುದಿಯಿಂದ ತುದಿಗೆ ಸುಣ್ಣ ಹಿಡಿಯುವವರೆಗೆ ಶೂ ತಿಕ್ಕಿದೆ. ಒಂದು ಶೂಗೆ ಅರ್ಧ ಗಂಟೆ. ಬೇಸರದ ಕೆಲಸ, ಆದರೆ ಪೆಡಲ್ ಹಗುರವಾದದ್ದು ಬಹುಪಾಲು ಇದರಿಂದಲೇ. ಲೈನರ್ ಹೊಡೆಸುವಾಗ ತೀರಾ ಗಟ್ಟಿ ಜಾತಿಯದ್ದು ಬೇಡ ಅನ್ನಿ, ಅದು ಬಿಸಿಯಾಗದೆ ಹಿಡಿಯುವುದಿಲ್ಲ.

ಮುಂದಿನ ಚಕ್ರಕ್ಕೆ ಎರಡೆರಡು ಸಿಲಿಂಡರ್ ಇರುವ ಗಾಡಿಯಲ್ಲಿ ಬ್ಯಾಕ್‌ಪ್ಲೇಟ್ (ಶೂ, ಸಿಲಿಂಡರ್ ಕೂರುವ ತಟ್ಟೆ) ಎಡಬಲ ಅದಲುಬದಲಾದರೆ ಡ್ರಮ್ಮಿನ ತಿರುಗುವಿಕೆ ಶೂವನ್ನು ಡ್ರಮ್ಮಿನ ಕಡೆಗೆ ಸೆಳೆಯುವ ಬದಲು ಡ್ರಮ್ಮಿನಿಂದ ದೂರ ತಳ್ಳುತ್ತದೆ. ಗುರುತು ಸುಲಭ: ರಿವರ್ಸಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಮುಂದೆ ಹೋಗುವಾಗ ಕಲ್ಲು.

ಇಷ್ಟಾದ ಮೇಲೂ ಭಾರವಿದ್ದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) ಅಳೆಯಿರಿ. 7/8 ಇಂಚಿನ ಜಾಗಕ್ಕೆ 3/4 ಇಂಚಿನದು ಬಂದರೆ ಅದೇ ತುಳಿತಕ್ಕೆ ಒತ್ತಡ ಸುಮಾರು 36 ಶೇಕಡಾ ಹೆಚ್ಚು. ಪೆಡಲ್ ಕೆಳಗಿಳಿಯುವುದೂ ಅಷ್ಟೇ ಹೆಚ್ಚು. ಲೈನರ್ ಸವೆದಾಗ ಪೆಡಲ್ ನೆಲ ಮುಟ್ಟದಷ್ಟು ಜಾಗ ಉಳಿಯುವುದೇ ಅಂತ ಮೊದಲೇ ನೋಡಿ.

ಕೊನೆಗೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ, ಇಪ್ಪತ್ತು ಸಲ, ನಡುನಡುವೆ ಆರಲು ಬಿಟ್ಟು ಬ್ರೇಕ್ ಹಾಕಿ ಲೈನರ್ ಕೂರಿಸಿದೆ. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟಿದ ಮೇಲೆ ಪೆಡಲ್ ಮತ್ತೆ ಗಟ್ಟಿ ಅನ್ನಿಸಿದರೆ ಗಾಬರಿ ಬೇಡ. ಹಿಂದೆ ಗಾಡಿ ಇಲ್ಲದಾಗ ನಿಧಾನ ಓಡಿಸುತ್ತ ಹಗುರವಾಗಿ ಒತ್ತಿ ಹಿಡಿಯಿರಿ, ಡ್ರಮ್ ಒಣಗುತ್ತದೆ.