ಇರಿಡಿಯಂ ಸೋರ್ಸ್‌ಗೆ ಕೈ ತಗುಲಿದರೆ ಮಾಡಬೇಕಾದ್ದು

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಇರಿಡಿಯಂ-192 ಸೋರ್ಸ್ ವಿಕಿರಣ ಸೂಸುವ ಸಣ್ಣ ಲೋಹದ ತುಂಡು. ಅದು ತನ್ನನ್ನು ತಳ್ಳಿ ಎಳೆಯುವ ಕೇಬಲ್‌ನಿಂದ ಕಳಚಿ, ತಾನು ಸಾಗುವ ಗೈಡ್ ಟ್ಯೂಬ್‌ನಲ್ಲೇ ಉಳಿದಿರುವಾಗ ವಿಕಿರಣ ಅಳೆಯುವ ಸರ್ವೇ ಮೀಟರ್ ನೋಡದೆ ಟ್ಯೂಬ್ ಹಿಡಿದರೆ ಅಪಾಯ. ಆ ಕ್ಷಣಕ್ಕೆ ಉರಿಯುವುದಿಲ್ಲ, ನೋಯುವುದಿಲ್ಲ. ಏನೂ ಆಗಿಲ್ಲವೆಂದು ಮನೆಗೆ ಹೋಗಬೇಡಿ.

ಮೊದಲು ದೂರ ಸರಿಯಿರಿ, ಯಾರೂ ಬಾರದಂತೆ ಹಗ್ಗ ಕಟ್ಟಿ, ಆರ್‌ಎಸ್‌ಒಗೆ (ವಿಕಿರಣ ಸುರಕ್ಷತಾ ಅಧಿಕಾರಿಗೆ) ಫೋನ್ ಮಾಡಿ. ಸೋರ್ಸ್ ಹಿಂತೆಗೆಯುವುದು ಅವರ ಕೆಲಸ.

ಕೂಡಲೇ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಕೈ, ಯಾವ ಬೆರಳು, ಎಷ್ಟು ಸೆಕೆಂಡು, ಎಷ್ಟು ದೂರ, ಎಷ್ಟು ಗಂಟೆಗೆ. ಸೋರ್ಸ್‌ನ ಕ್ಯೂರಿ (ಅದು ಎಷ್ಟು ಪ್ರಬಲ ಎಂಬ ಅಳತೆ) ಕೂಡ ಬೇಕು, ಆದರೆ ಸರ್ಟಿಫಿಕೇಟಿನ ಅಂಕಿಯನ್ನು ಹಾಗೇ ಬರೆಯಬಾರದು: ಇರಿಡಿಯಂ 74 ದಿನಕ್ಕೆ ಅರ್ಧವಾಗುತ್ತದೆ, 40 ಇದ್ದದ್ದು 20 ಆಗಿರುತ್ತದೆ. ಆ 20 ಕ್ಯೂರಿಯೇ 1 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ ಸುಮಾರು 15 ಗ್ರೇ (ದೇಹ ಹೀರುವ ವಿಕಿರಣದ, ಅಂದರೆ ಡೋಸ್‌ನ ಅಳತೆ) ಕೊಡುತ್ತದೆ, ಚರ್ಮ ಬೊಬ್ಬೆ ಏಳಲು ಅಷ್ಟು ಸಾಕು. ಎದೆ ಮೇಲೆ ಧರಿಸುವ, ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕಡಿಮೆ ತೋರಿಸಿದರೆ ಬೆರಳು ಪಾರಾಯಿತು ಎಂದುಕೊಳ್ಳಬೇಡಿ. ಬ್ಯಾಡ್ಜ್ ಬೆರಳಿನ ಡೋಸ್ ಹೇಳುವುದಿಲ್ಲ.

ಉಂಗುರ ತೆಗೆದು, ಹಾಳೆ ಹಿಡಿದು ಆಸ್ಪತ್ರೆಗೆ ಹೋಗಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂತೆ ರೇಡಿಯೋಥೆರಪಿ ವಿಭಾಗ ಇರುವ ಕಡೆ ಡೋಸ್ ಲೆಕ್ಕ ಹಾಕಬಲ್ಲ ಮೆಡಿಕಲ್ ಫಿಸಿಸಿಸ್ಟ್ ಸಿಗುತ್ತಾರೆ. ಸೀಲ್ ಒಡೆಯದ ಸೋರ್ಸ್ ಆದ್ದರಿಂದ ರೋಗಿಯಿಂದ ವಿಕಿರಣ ಹೊಮ್ಮುವುದಿಲ್ಲ. ನರ್ಸ್‌ಗಳು ಹೆದರಿ ದೂರ ನಿಲ್ಲದಂತೆ ಇದನ್ನು ಬಾಗಿಲಲ್ಲೇ ಹೇಳಿ.

ವಾಂತಿಯಾದರೆ ಎಷ್ಟು ಹೊತ್ತಿಗೆ ಎಂದು ಗುರುತಿಸಿ. ಎರಡು ಗಂಟೆಯೊಳಗೇ ಆದರೆ ಇಡೀ ಮೈಗೆ ಹೆಚ್ಚು ಡೋಸ್ ಬಿದ್ದಿರುವ ಅನುಮಾನ. ರಕ್ತಪರೀಕ್ಷೆ ಒಮ್ಮೆ ಮಾಡಿ ಬಿಟ್ಟರೆ ಏನೂ ತಿಳಿಯದು: ಮೊದಲೆರಡು ದಿನ 6–8 ಗಂಟೆಗೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಇಳಿಯುತ್ತಿದೆಯೇ ನೋಡಬೇಕು. 48 ಗಂಟೆಯಲ್ಲಿ ಅದು ಮೈಕ್ರೋಲೀಟರಿಗೆ ಸಾವಿರಕ್ಕಿಂತ ಕೆಳಗಾದರೆ ರಕ್ತರೋಗ ತಜ್ಞರಿರುವ ಆಸ್ಪತ್ರೆಯೇ ಬೇಕು. ಡೋಸ್ ಅಂದಾಜಿಸುವ ಕ್ರೋಮೋಸೋಮ್ ಪರೀಕ್ಷೆಯ ರಕ್ತವನ್ನು 24 ಗಂಟೆ ಕಳೆದ ಮೇಲೆ ಹೆಪಾರಿನ್ ಟ್ಯೂಬಿಗೆ ತೆಗೆಯಬೇಕು. ಫ್ರೀಜ್ ಆಗುವಷ್ಟು ತಣ್ಣಗಿಟ್ಟರೆ ಕೆಡುತ್ತದೆ.

ಕೈ ಮೋಸ ಮಾಡುತ್ತದೆ. ಕೆಲವು ಗಂಟೆಯಲ್ಲಿ ಕೆಂಪಾಗಿ, ಒಂದೆರಡು ದಿನದಲ್ಲಿ ಮಾಯವಾಗಿ, ಎರಡು ಮೂರು ವಾರದಲ್ಲಿ ಊತ, ಬೊಬ್ಬೆಯೊಂದಿಗೆ ಮರಳಿ ಬರುತ್ತದೆ. ನಡುವೆ ಗುಣವಾಯಿತೆಂದು ತೋರಿದರೂ ದಿನಾ ಒಂದೇ ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಬಿಸಿನೀರು, ಐಸ್, ಮಾಲೀಶು ಬೇಡ. ಅಂಟಿಕೊಳ್ಳದ ಡ್ರೆಸಿಂಗ್ ಹಾಕಿಸಿ, ವೈದ್ಯರು ಹೇಳಿದಷ್ಟು ಬೆರಳು ಮಡಚಿ ಬಿಡಿಸಿ.

ಡೋಸ್ ತೀರ್ಮಾನವಾಗುವ ತನಕ ರೇಡಿಯೋಗ್ರಫಿ ಕೆಲಸಕ್ಕೆ ಹೋಗಬಾರದು. ಕಂಪನಿಯವರು ಎಇಆರ್‌ಬಿಗೂ (ಅಣುಶಕ್ತಿ ನಿಯಂತ್ರಣ ಮಂಡಳಿ) ಇಎಸ್‌ಐಗೂ (ಕಾರ್ಮಿಕರ ವಿಮೆ) ವರದಿ ಕಳಿಸಿದ್ದಾರೆಯೇ ಕೇಳಿ. ಮೊದಲ ದಿನದ ಹಾಳೆಯ ಜೆರಾಕ್ಸ್ ಮನೆಯಲ್ಲಿರಲಿ. ವಾಸಿಯಾದ ಬೆರಳು ವರ್ಷದ ಮೇಲೂ ಮತ್ತೆ ಹುಣ್ಣಾಗಬಹುದು. ಅದನ್ನು ಕೊಯ್ಯುವ ಮೊದಲು ಸರ್ಜನ್ ನೋಡಬೇಕಾದ್ದು ಆ ಹಾಳೆಯನ್ನೇ.